ಸಿಕ್ಕು

ಬೆಳಿಗ್ಗೆ ಫಿಲೇಚರಿನ ಬಾಗಿಲು ತೆಗೆದರೆ
ರಾತ್ರಿಯೆಲ್ಲ ಬೆಕ್ಕಿಗೂ ಇಲಿಗೂ
ಲಡಿಯ ಮೇಲೇ ನಡೆದಿತ್ತು ಜಟಾಪಟಿ.
ಮುಕ್ಕಾಲು ಕೇಜಿ ರೇಷ್ಮೆ,
ಕೋಳಿ ಕೆದರಿದ ತಿಪ್ಪೆಯ ಹಾಗೆ.

ನಜೀರ್ ಸಾಬರು ಕೂಗಿದರು, ಎಲ್ಲಾರೂ ಬನ್ನಿ.
ಗೋಡೆಯ ಮೇಲೆ ಅವರೇ ಬರೆಸಿದ್ದು
ಹಸಿರು ಬಣ್ಣದಲ್ಲಿ: ಒಗ್ಗಟ್ಟಿನಲ್ಲಿ ಬಲವಿದೆ.
ಹನ್ನೊಂದು ಜನ ಬಂದೆವು,
ಬಿಸಿನೀರಲ್ಲಿ ಬೆಂದು ಬೆಳ್ಳಗಾದ
ಇಪ್ಪತ್ತೆರಡು ಕೈ.

ಚೌಡರತ್ನ ಇತ್ತ ಎಳೆದಳು, ಪಿಳ್ಳಪ್ಪ ಅತ್ತ.
"ಅಂಗಲ್ಲ, ಇಂಗೆ" ಅಂದವರು ಏಳು ಮಂದಿ,
ಏಳು ದಿಕ್ಕಿಗೆ.
ನಾನೂ ಒಂದು ತುದಿ ಹಿಡಿದು ಜಗ್ಗಿದೆ.
ಅದು ತುದಿಯೇ ಅಲ್ಲವೆಂದು ಆಮೇಲೆ ಗೊತ್ತಾಯಿತು.
ಸಡಿಲವಿದ್ದ ಗಂಟು ಸಾಸಿವೆಯಾಯಿತು,
ಸಾಸಿವೆ ಕಲ್ಲಾಯಿತು.
ಯಾರೂ ಕೈ ಬಿಡಲಿಲ್ಲ,
ಬಿಟ್ಟರೆ ಮೈಗಳ್ಳಿ ಅಂದಾರು.

ಹತ್ತೂವರೆಗೆ ಟೀ ಬಂತು.
ಎಂಟು ಜನ ಲೋಟ ಹಿಡಿದು ಹೊರಗೆ ಹೋದರು,
ಮಾತೂ ಅವರ ಹಿಂದೆಯೇ ಹೋಯಿತು.

ಉಳಿದದ್ದು ಮೂವರು.
ಎರಡೂ ತೋಳಿಗೆ ಲಡಿ ಏರಿಸಿ ನಿಂತ ಶಮೀಮಾ,
ಸೂಜಿಗಣ್ಣಿನ ಗಂಗುಲಮ್ಮ,
ಮೊಬೈಲಿನ ಬೆಳಕು ಹಿಡಿದ ನಾನು.
ಗಂಗುಲಮ್ಮ ಒಂದೆಳೆ ಎತ್ತುವಳು,
ಎತ್ತಿದಷ್ಟೇ ಶಮೀಮಾ ಸಡಿಲ ಕೊಡುವಳು.
ನನ್ನ ಕೆಲಸ ಅಲ್ಲಾಡದಿರುವುದು.
ಅಷ್ಟು ಕಷ್ಟದ ಕೆಲಸ ನಾನು ಮಾಡಿದ್ದಿಲ್ಲ.
ಆಗೊಮ್ಮೆ "ಬುಡು",
ಈಗೊಮ್ಮೆ "ಹ್ಞೂ".

ಒಂದು ಹುಳು ಒಂಟಿಯಾಗಿ ಕೂತು
ಅರ್ಧ ಮೈಲಿ ಎಳೆ ಸುತ್ತುತ್ತದೆ, ಗಂಟಿಲ್ಲದೆ.
ಆ ಎಳೆಗೆ ಕೆಮ್ಮು ತಗುಲಿದರೂ ಸಾಕು, ತುಂಡು.
ಎಂಟು ಗೂಡಿನದು ಕೂಡಿದರೆ ನೂಲು.
ಹದಿನಾರು ಕೂಡಿಸಿ ನೋಡಿ,
ದಪ್ಪ ಅಂತ ಪಕ್ಕಕ್ಕೆ ಎಸೆಯುತ್ತಾರೆ.
ಹಾಗಾದರೆ ಎಂಟೇ ಸರಿಯಾದ ಲೆಕ್ಕವಾ, ಕೇಳಿದೆ.
ಗಂಗುಲಮ್ಮ ತಲೆ ಎತ್ತಲಿಲ್ಲ:
"ಗೂಡು ಬಡಕಲಾಗಿದ್ರೆ ಒಂಬತ್ತೂ ಹಾಕ್ತೀವಿ."

ಮಧ್ಯಾಹ್ನ ಚಿಂತಾಮಣಿ ಕಡೆಯಿಂದ
ಗೂಡಿನ ಲಾರಿ ಬಂತು, ಮೋಡವೂ ಬಂತು.
ಇಳಿಸುವುದಕ್ಕೆ ಹನ್ನೊಂದು ಜನ ಸಾಲದೆ
ಎದುರಿನ ಪಂಕ್ಚರ್ ಅಂಗಡಿಯವನನ್ನೂ ಕರೆದೆವು.
ಪಿಳ್ಳಪ್ಪನ ಬಾಯಿ ಅಲ್ಲಿ ಉಪಯೋಗಕ್ಕೆ ಬಂತು.

ಸಂಜೆಗೆ ಲಡಿ ಮೊಳೆಯ ಮೇಲೆ ತೂಗುತ್ತಿತ್ತು,
ಬಾಚಿದ ಕೂದಲಿನ ಹಾಗೆ.
ಒಂದೇ ಒಂದು ಗಂಟು ಬಿಡಲಿಲ್ಲ,
ಗಂಗುಲಮ್ಮ ಹಲ್ಲಲ್ಲಿ ಕಚ್ಚಿ ತುಂಡು ಮಾಡಿದಳು.
ಯಾರದೆಂದು ಹೇಳಲಿಲ್ಲ.
ನನ್ನದು ಅದು,
ನಾನು ಜಗ್ಗಿದ್ದು.