ಕಕ್ಕಡ ಹದಿನೆಂಟರ ಮರುದಿನ

ಭಾನುವಾರ ಗೋಣಿಕೊಪ್ಪದ ಸಂತೆ ಮುಗಿಯುವ ಹೊತ್ತಿಗೆ
ಆಮಿನಾ ನನಗೆಂದೇ ಒಂದು ಕವರು ಎತ್ತಿಟ್ಟಿರುತ್ತಾಳೆ.
ಮುರಿದ ಕ್ಯಾರೆಟ್ಟು, ಬಾಗಿದ ಸೌತೆ,
ಹೂಕೋಸಿನ ಸುತ್ತಲ ಯಾರೂ ಕೇಳದ ಎಲೆ.
"ಮೊಲಕ್ಕಾ?" ಎಂದು ಮೊದಲ ಸಲ ಕೇಳಿದ್ದಳು.
ಹೂಂ ಅಂದುಬಿಟ್ಟೆ.
ಅಂದಿನಿಂದ ತಪ್ಪದೆ ಮೊಲದ ಯೋಗಕ್ಷೇಮ ವಿಚಾರಿಸುತ್ತಾಳೆ,
ನಾನೂ ಆ ಸುಳ್ಳಿಗೆ ಸೊಪ್ಪು ಹಾಕುತ್ತ ಬಂದಿದ್ದೇನೆ.

ನಿಜ ಹೇಳುವುದು ಹೇಗೆ?
ಉಳಿದ ಆರು ದಿನ ಮಾದಯ್ಯನವರ ಗೊಬ್ಬರದಂಗಡಿಯಲ್ಲಿ
ಇಲಿಪಾಷಾಣ ಮಾರುವವಳು ನಾನು.
ನೀಲಿ ಬಿಲ್ಲೆ, ಹತ್ತರ ಪ್ಯಾಕೆಟ್ಟು.
"ತಿಂದ ತಕ್ಷಣ ಸಾಯಲ್ಲ. ಮೂರು ದಿನ ಬಿಟ್ಟು,
ಒಳಗೇ ರಕ್ತ ಸೋರಿ"
ಎಂದು ಗಿರಾಕಿಗೆ ವಿವರಿಸುವಾಗ
ಬೀಜದ ಭತ್ತದ ದರ ಹೇಳುವಷ್ಟೇ ಸಪಾಟು ನನ್ನ ದನಿ.
ಅವರ ಕಣಜವೂ ಕಣಜವೇ ತಾನೆ.

ಸಂಜೆ ಕೈ ತೊಳೆಯುತ್ತೇನೆ. ಸೋಪು, ಬೂದಿ, ಮತ್ತೆ ಸೋಪು.
ಅಂಗಡಿಯ ಸೀರೆ ಹೊರಗಿನ ಗಳುವಿಗೆ.
ಆಮೇಲೆ ಚಾಕು, ಮಣೆ.

ತಮ್ಮ ಮೈಸೂರಿಂದ ಶೂ ಡಬ್ಬದಲ್ಲಿ ತಂದ ಎರಡು ಗಂಡು,
ದುಗ್ಗಾಣಿ, ಪಾವಲಿ.
ಒಂದು ಬಿಳಿ, ಇನ್ನೊಂದಕ್ಕೆ ಕರೀ ಟೊಪ್ಪಿ.
ಬೋನು ಎಂದರೆ ಮಗಳು ಪೂವಿ ತಿದ್ದುತ್ತಾಳೆ, "ಗೂಡು."
ಕ್ಯಾಲೆಂಡರಿನ ಬೆನ್ನಿಗೆ ಅವಳದೇ ಕಾನೂನು:
ಕಾಳು ಮುಕ್ಕಾಲು ಪಾಲು, ತರಕಾರಿ ದಿನಾ ಒಂದು ಚಮಚ,
ಹಣ್ಣು ಬೆರಳ ತುದಿಯಷ್ಟು, ಮೊಟ್ಟೆ ಬುಧವಾರ,
ಗೆಣಸು ಬೇಯಿಸಿದರೆ ಮಾತ್ರ.
ಗಂಡಿಗೆ ಕಿತ್ತಳೆ ಕೂಡದು. ಇದರ ಕೆಳಗೆ ಎರಡು ಗೆರೆ.

ಕೊಡಗಿಗೆ ಬಂದೂ ಕಿತ್ತಳೆ ಮುಟ್ಟಬಾರದ ಜನ್ಮ!
ಅತ್ತೆ ಚೋಂದವ್ವನಿಗೆ ಇದು ಒಪ್ಪಿಗೆಯಾಗಲೇ ಇಲ್ಲ.
ತೊಳೆ ಬಿಡಿಸಿ ಕಂಬಿಯ ನಡುವೆ ತುರುಕಲು ಹೋಗಿ,
ಮೊಮ್ಮಗಳ ಕೈಲಿ ಬೈಸಿಕೊಂಡು,
ತೊಳೆ ತಾನೇ ತಿಂದು,
"ನಿನ್ನ ತಾತನಿಗೂ ನಾನು ಇಷ್ಟು ಪಥ್ಯ ಮಾಡಿಸಲಿಲ್ಲ" ಎಂದಿದ್ದರು.

ಪಾವಲಿ ಮೊದಲು ಬಟಾಣಿ ಹುಡುಕುತ್ತಾನೆ.
ಎರಡೂ ಕೈಯಲ್ಲಿ ಹಿಡಿದು, ಸಿಪ್ಪೆ ಸುಲಿದು,
ಪಂಕ್ತಿಯಲ್ಲಿ ಕೂತ ಹಿರಿಯರಂತೆ, ಅವಸರವಿಲ್ಲ.
ದುಗ್ಗಾಣಿ ಕ್ಯಾರೆಟ್ಟನ್ನು ಮೂಲೆಗೆ ಒಯ್ದು ಬಚ್ಚಿಟ್ಟು
ನನ್ನ ಮುಖ ನೋಡುತ್ತಾನೆ,
ಲೆಕ್ಕ ಬರೆದುಕೊಂಡೆಯಾ ಎಂಬಂತೆ.

ಮೊನ್ನೆ ಕಕ್ಕಡ ಹದಿನೆಂಟು.
ಅತ್ತೆ ಮದ್ದುಸೊಪ್ಪು ಕೊಯ್ದು ಕುದಿಸಿ
ನೇರಳೆ ಪಾಯಸ ಮಾಡಿದರು. ಮನೆಯೆಲ್ಲ ಅದರದೇ ಘಮ.
ತುಪ್ಪ, ಜೇನು ಸುರಿದುಕೊಂಡು ತಿಂದೆವು.

ಮರುದಿನ ಬೆಳಕು ಹರಿಯುವ ಮುಂಚೆ
ಗೂಡಿನ ಪೇಪರು ಬದಲಿಸಲು ಕೈ ಹಾಕಿದವಳು
ಹಾಗೇ ಕುಕ್ಕರಿಸಿದೆ.
ಪೇಪರಿನ ಮೇಲೆ ಕೆಂಪು.
ಅಲ್ಲೊಂದು, ಇಲ್ಲೊಂದು, ನಾಣ್ಯದಗಲ.

ಕೈ ಮೂಸಿದೆ. ಸೋಪಿನ ವಾಸನೆ.
ಉಗುರಿನ ಸಂದಿಯಲ್ಲಿ ನೀಲಿ ಪುಡಿ?
ಸೆರಗಲ್ಲಿ? ಚಾಕುವಿನ ಹಿಡಿಯಲ್ಲಿ?
ಮೂರು ದಿನ ಬಿಟ್ಟು, ಒಳಗೇ ರಕ್ತ ಸೋರಿ...
ನನ್ನದೇ ದನಿ, ಅಷ್ಟೇ ಸಪಾಟಾಗಿ
ನನ್ನ ಕಿವಿಗೇ ವಿವರಿಸುತ್ತಿತ್ತು.
ಅವೆರಡೂ ಕಂಬಿ ಹಿಡಿದು ನಿಂತು
ಮೀಸೆ ಅಲ್ಲಾಡಿಸುತ್ತಿದ್ದವು: ತಿಂಡಿ ಎಲ್ಲಿ?

ಅಳುವುದಕ್ಕೆಂದು ಬಚ್ಚಲಿಗೆ ಹೋದೆ.
ಹೋದವಳು ಹೇಗೂ ಕೂತೆ. ಎದ್ದು ನೋಡಿದರೆ
ನನ್ನದೂ ಕೆಂಪು.

ಗೋಡೆಗೆ ಹಣೆ ಹಚ್ಚಿ ಎಷ್ಟೋ ಹೊತ್ತು ನಕ್ಕೆ.
ಮದ್ದು! ಮೈಗೆ ಹತ್ತಿದ ಗುರುತು!
ಚಿಕ್ಕಂದಿನಲ್ಲಿ ನಾನೂ ತಮ್ಮನೂ
ಯಾರದು ಹೆಚ್ಚು ಕೆಂಪೆಂದು ಪಂದ್ಯ ಕಟ್ಟುತ್ತಿದ್ದೆವಲ್ಲ.

"ಇವಕ್ಕೆ ಪಾಯಸ ಕೊಟ್ಟದ್ದು ಯಾರು?"
ಪೂವಿ ತನ್ನ ಪಟ್ಟಿಯ ಮೇಲೆ ಆಣೆ ಇಟ್ಟಳು.
ಅತ್ತೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತ, ತಲೆ ಎತ್ತದೆ,
"ಒಂದೊಂದು ಅಗುಳು. ಮನೆಯಲ್ಲಿ ಉಣ್ಣುವವರಿಗೆಲ್ಲ
ಮದ್ದು ಬೇಡವಾ?"

ಹತ್ತಕ್ಕೆ ಅಂಗಡಿ ತೆರೆದೆ.
ಮೊದಲ ಗಿರಾಕಿಗೆ ನೀಲಿ ಬಿಲ್ಲೆಯೇ ಬೇಕು.
"ತಿಂದ ಮೇಲೆ ಏನಾಗತ್ತೆ?" ಎಂದ.
ಪ್ಯಾಕೆಟ್ಟು ಕೊಟ್ಟೆ, ಚಿಲ್ಲರೆ ಎಣಿಸಿದೆ.
ಹಿಂದುಗಡೆ ಬರೆದಿದೆ, ಓದಿಕೊಳ್ಳಿ, ಎಂದೆ.