ಬೋಟಿಯವರ ಸೊಸೆ

ಒತೀಲಿಯಾ ಅಂತ ನನಗೊಂದು ಹೆಸರಿದೆ.
ಪೋರ್ತು ಊರಿನ ಈ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ
ಅದನ್ನು ಯಾರೂ ಬಳಸಿಲ್ಲ, ನೆಂಟರಿಗೆಂದು ಎತ್ತಿಟ್ಟ ಟವೆಲಿನ ಹಾಗೆ
ಮಡಿಕೆ ಮುರಿಯದೆ ಇದೆ.
"ಏ ಸೊಪ್ಪು, ಉಪ್ಪು ಕೊಡೆ" ಅನ್ನುತ್ತಾಳೆ ಅತ್ತೆ ದೆಯೊಲಿಂದಾ.
ಲಿಸ್ಬನ್ನಿನವರೆಲ್ಲ ಇವರ ಬಾಯಲ್ಲಿ ಲೆಟ್ಯೂಸ್ ಸೊಪ್ಪು:
ಎಳಸು, ನೀರುನೀರು, ಒಂದು ಹಲ್ಲಿಗೂ ಸಾಲದವರು.
ಇವರೋ, ದೇಶಕ್ಕೆಲ್ಲ ಗೊತ್ತು, ಬೋಟಿಯವರು.
ದ್ರಾಕ್ಷಿಯ ಮದ್ಯಕ್ಕೆ ನಾವು ವೀನ್ಯು ಅಂದರೆ ಬೀನ್ಯು ಅನ್ನುವವರು,
ವ ಎಲ್ಲಿ ಕಂಡರೂ ತುಟಿ ಮುಚ್ಚಿ ಬ ಮಾಡುವವರು.

ಗುರುವಾರ ನಮ್ಮ ಏಳು ಮೇಜಿನ ಖಾನಾವಳಿಯಲ್ಲಿ ಬೋಟಿ.
ಬುಧವಾರ ರಾತ್ರಿಯೇ ಅತ್ತೆ ತೋಳು ಮಡಿಸಿ
ನಿಂಬೆ ಹಚ್ಚಿ, ಕಲ್ಲುಪ್ಪು ತಿಕ್ಕಿ,
ಹಸುವಿನ ಹೊಟ್ಟೆಯನ್ನು ಕೂಸಿನ ತಲೆ ತೊಳೆದಂತೆ ತೊಳೆಯುತ್ತಾಳೆ.
ಕೈ ಆಡುವಾಗ ಕತೆ. ಪ್ರತಿ ಬುಧವಾರವೂ ಅದೇ:

ಆರುನೂರು ವರ್ಷದ ಹಿಂದೆ ನಮ್ಮ ನದಿಯಲ್ಲಿ ಒಬ್ಬ ರಾಜಕುಮಾರ
ಹಡಗು ಕಟ್ಟಿಸಿದ. ಆಫ್ರಿಕದ ದಡಕ್ಕೆ ದಂಡು ಹೊರಟಿತು.
ಊರವರು ಇದ್ದಬದ್ದ ದನವನ್ನೆಲ್ಲ ಕಡಿದು
ತೊಡೆ, ಪಕ್ಕೆ, ನಾಲಗೆ ಸಮೇತ ಉಪ್ಪಿಕ್ಕಿ ಪೀಪಾಯಿಗೆ ತುಂಬಿ ಕಳಿಸಿದರು.
ತಮಗೆ ಉಳಿದದ್ದು ಇದು
(ಎತ್ತಿ ತೋರಿಸುತ್ತಾಳೆ, ಮೊಣಕೈವರೆಗೂ ನೀರು ಸೋರುತ್ತದೆ).
ಮಾಂಸ ದಾನ ಕೊಟ್ಟು ಹೊಟ್ಟೆ ತಿಂದು ಹೊಟ್ಟೆ ಹೊರೆದವರು ನಾವು,
ತಿಳೀತೇನೆ ಸೊಪ್ಪು?

ಅಬೀಲಿಯು, ನನ್ನ ಗಂಡ, ರೈಲ್ವೆ ಗುಮಾಸ್ತ,
ಲೆಕ್ಕ ತಪ್ಪಿದರೆ ಊಟ ಸೇರದವನು, ಬಾಗಿಲಲ್ಲೇ ನಿಂತು:
"ಬಡವರು ಅಗ್ಗದ್ದು ತಿಂದರಮ್ಮ. ಪಕ್ಕದೂರಿನವರು ಆಡಿಕೊಂಡರು.
ಆಮೇಲೆ ಯಾರೋ ಬೈಗುಳಕ್ಕೆ ಜರಿಯಂಚು ಹೊಲಿದರು."
ಅತ್ತೆ ಅವನತ್ತ ನೀರು ಚಿಮ್ಮಿಸುತ್ತಾಳೆ. ಅದೂ ಪ್ರತಿ ಬುಧವಾರವೇ.

ಮೊನ್ನೆ ಮಾತ್ರ ಟೆಲ್ಮು, ಒಂಬತ್ತು ವರ್ಷದವನು,
ಹೋಂವರ್ಕಿನಿಂದ ತಲೆಯೆತ್ತಿದ:
"ಅಜ್ಜೀ, ಈ ಬಿಳಿ ಬೀನ್ಸ್ ಕಾಳು ಅಮೆರಿಕದ್ದಂತೆ.
ನಿನ್ನ ಹಡಗು ಹೋದಾಗ ಅಮೆರಿಕ ಯಾರಿಗೂ ಗೊತ್ತೇ ಇರಲಿಲ್ಲವಂತೆ.
ಮತ್ತೆ ಬೋಟಿಗೆ ಏನು ಹಾಕಿದರು?"

ಅತ್ತೆಯ ಕೈ ನಿಂತಿತು.
ನಲ್ಲಿ ತೊಟ್ಟಿಕ್ಕಿತು. ಅಬೀಲಿಯು ಕೂಡ ನಗಲಿಲ್ಲ.
"ಏನೂ ಹಾಕಲಿಲ್ಲ," ಅಂದಳು.
"ಕಾದರು."
"ಎಷ್ಟು ದಿನ?"
"ಕಾಳು ಬರುವ ತನಕ. ಓದು ನೀನು."

ನನಗೂ ಒಂದು ಹೇಳುವುದಿತ್ತು.
ಗುಡ್ಡದ ತುಂಬ ಬೆಳೆಯುತ್ತಿತ್ತು, ಅದಕ್ಕೇ ಸೊಪ್ಪು ಅಂತ ನನ್ನಪ್ಪ;
ಮುತ್ತಿಗೆ ಬಿದ್ದಾಗ ತಿನ್ನಲು ಅದೊಂದೇ ಇತ್ತು ಅಂತ ನಮ್ಮ ಬೀದಿಯ ಚಮ್ಮಾರ.
ಇಬ್ಬರಿಗೂ ಗೊತ್ತಿಲ್ಲ. ಪದ ಮಾತ್ರ ಅರಬರದು,
ಹೋಗುವಾಗ ಬಾವಿಕಟ್ಟೆಯ ಮೇಲೆ ಮರೆತು ಹೋದದ್ದು.
ಅತ್ತೆಯ ಹಡಗುಗಳು ಈ ಊರಿನ ಮಾಂಸ ತಿನ್ನುತ್ತ ಹೋಗಿ
ಬೆಂಕಿಯಿಟ್ಟದ್ದು ಆ ಸೊಪ್ಪಿಗೆ ಹೆಸರಿಟ್ಟವರ ನುಡಿಯವರಿಗೇ.
ಹೇಳಲಿಲ್ಲ. ಜೀರಿಗೆ ಬಾಣಲೆಗೆ ಬಿದ್ದಿತ್ತು,
ಜೀರಿಗೆ ಸಿಡಿಯುವಾಗ ಈ ಮನೆಯಲ್ಲಿ ಮಾತಿಲ್ಲ.

ಶುಕ್ರವಾರ ಬೆಳಗಿನ ರೈಲಿಗೆ ಅತ್ತೆಯೇ ಪಾತ್ರೆ ಕಟ್ಟಿಕೊಟ್ಟಳು,
ಮುಚ್ಚಳದ ಮೇಲೆ ಪತ್ರಿಕೆ, ಪತ್ರಿಕೆಯ ಮೇಲೆ ಟವೆಲು, ಎರಡು ಗಂಟು.
"ನಿಮ್ಮಮ್ಮನೂ ಹಲ್ಲಿಗೆ ಕೆಲಸ ಕೊಡಲಿ."
ಮೂರು ಗಂಟೆ ಮಡಿಲಲ್ಲಿ ಬಿಸಿ. ಎದುರಿನ ಸೀಟಿನವ
ಎದ್ದು ಹೋಗಿ, ಸ್ವಲ್ಪ ಹೊತ್ತಿಗೆ ಹಸಿವಿನ ಮುಖ ಮಾಡಿ ವಾಪಸು ಬಂದ.

ಲಿಸ್ಬನ್ನಿನ ಗುಡ್ಡ, ನಾಲ್ಕನೆಯ ಮಹಡಿ, ಅಮ್ಮ ಬಾಗಿಲು ತೆಗೆದಳು,
ಮೂಗರಳಿಸಿದಳು, ಒಳಗೆ ತಿರುಗಿ ಅಪ್ಪನಿಗೆ ಕೂಗಿದಳು:
"ಬಾ ಇಲ್ಲಿ, ಬೋಟಿ ಬಂದಿದ್ದಾಳೆ!"

ಹೊಸ್ತಿಲಲ್ಲಿ ನನಗೊಂದು ಉತ್ತರ ಬೇಕಿತ್ತು.
ಟವೆಲಿನ ಗಂಟು ಬಿಚ್ಚುತ್ತ, ಏನೂ ಆಗದವಳ ಹಾಗೆ,
ಊಟಕ್ಕೆ ಮದ್ಯ ಇದೆಯೇನಮ್ಮ ಅಂತ ಕೇಳಿದೆ.
ಬೀನ್ಯು ಅಂದಿದ್ದೆ.