ನಳ ಬಂದಾವ

ಗೋಪನಕೊಪ್ಪದ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು.
ಎಂಟೇ ಅಂತ ಯಾರೂ ಬರದು ಕೊಟ್ಟಿಲ್ಲ, ಒಮ್ಮೊಮ್ಮೆ ಹತ್ತು.
ಬರೂದು ರಾತ್ರಿ ಎರಡಕ್ಕ, ಕಳ್ಳರಂಗ,
ಮೊದಲು ಪೈಪಿನ್ಯಾಗ ಕೆಮ್ಮಿ.

ಆಗ ಫಕ್ಕೀರವ್ವ ಇದ್ದಳು.
ಗಂಡ ಸತ್ತಾಗಿನಿಂದ ಅಕಿಗೆ ನಿದ್ದಿ ಅಂಬೋದಿಲ್ಲ.
ಕೆಮ್ಮು ಕೇಳಿದ್ದ ತಡ, ಓಣಿ ಬಾಯಾಗ ನಿಂತು
"ನಳ ಬಂದಾವ್ರೆವಾ!" ಅಂತ ಒದರಿದರ
ನಮಗಿಂತ ಮೊದಲು ನಾಯಿ ಎದ್ದು ನಿಲ್ಲತಿದ್ದುವು.
ಬಾಡಿಗಿ ಬಾಕಿ ಇಟ್ಟವರಿಗೂ, ಅಕಿ ಕೂಡ ಮಾತು ಬಿಟ್ಟವರಿಗೂ
ಆ ದನಿ ಒಂದ ಅಳತಿ.

ಜೈತುನಬಿಗೆ ಮಾತ್ರ ಕೇಳತಿರಲಿಲ್ಲ.
ಹುಟ್ಟು ಕಿವುಡಿ; ಬ್ಲೌಸು ಹೊಲಿಯೂದ್ರಾಗ ಉಣಕಲ್ ತನಕ ಹೆಸರು.
ರಾತ್ರಿ ಕಾಲ ಹೆಬ್ಬೆರಳಿಗೆ ದಾರ ಕಟಗೊಂಡು
ಇನ್ನೊಂದು ತುದಿ ಕಿಟಕಿಂದ ಹೊರಗ ಬಿಟ್ಟು ಮಲಗಾಕಿ.
ಫಕ್ಕೀರವ್ವ ಒದರಿ ಒದರಿ ಕಡೀಕ ಬಂದು
ಎರಡು ಸಲ ಜಗ್ಗತಿದ್ದಳು.
ಮೂರು ಸಲ ಜಗ್ಗಿದರ: ಮಳಿ ಬಂದೈತಿ, ಅರಿವಿ ತಗಿ.
ದಾರಕ್ಕ ಅಷ್ಟ ಭಾಷಾ ಬರತಿತ್ತು.

ಫಕ್ಕೀರವ್ವ ಹೋದ ವರ್ಷನ ಶಿವಯೋಗಿ ಗ್ರೂಪ್ ಮಾಡಿದ.
ಎಪ್ಪತ್ತೆರಡು ಮಂದಿ. ವಾಲ್ವ್ ತಿರುವೊ ದ್ಯಾಮಣ್ಣನೂ ಅದರಾಗ.
ಅವಗ ಬರಿಯಾಕ ಬರತಿರಲಿಲ್ಲ,
ಕೀಲಿ ತಿರುವೂಕಿಂತ ಮೊದಲು
ಒಂದು ನೀಲಿ ಹನಿಯ ಚಿತ್ರ ಕಳಸತಿದ್ದ.
ಜೈತುನಬಿ ದಿಂಬಿನ ಕೆಳಗ ಫೋನು ಗುರ್ ಅಂತಿತ್ತು.
ನಾವು ಕಣ್ಣು ತಿಕ್ಕೋತ ಬರೂದ್ರೊಳಗ
ಅಕಿ ಹಂಡೆ ತುಂಬಿಸಿ, ಕಟ್ಟಿ ಮ್ಯಾಲ ಕುಂತು ನಗತಿದ್ದಳು.
ನಲವತ್ತು ವರ್ಷದಾಗ ಮೊದಲ ಸಲ
ಓಣಿಗಿಂತ ಮೊದಲು ಅಕಿಗೆ ಸುದ್ದಿ.

ಆಮ್ಯಾಲೆ ಒಂದು ಫೋಟೋ ಬಂತು.
ದ್ಯಾಮಣ್ಣ, ಹೊಸ ಬೈಕು. ಕೆಳಗ ಒಂದು ಸಾಲು:
ನಮ್ಮ ನೀರು ಲೇಔಟಿನವರಿಗೆ ಮಾರಿದ ರೊಕ್ಕ.
ಯಾರು ಬರದಿದ್ದರೊ. ನಾನೂ ಅಕ್ಕನ ಓಣಿಗೆ ದಾಟಿಸಿದೆ,
ಚಹಾ ಆರೂದ್ರೊಳಗ, ಒಂದ ಬೆರಳಿಲೆ.
ಬೈಕು ಅಳಿಯಂದು. ಅದು ಗೊತ್ತಾಗೂದ್ರೊಳಗ
ಹುಡುಗರು ಅವನ ಅಂಗಿ ಹರದಿದ್ದರು.
ಜೈತುನಬಿನ ಹೊಲದು ಕೊಟ್ಟಳು, ರೊಕ್ಕ ತಗೊಳ್ಳಲಿಲ್ಲ.
ತಪ್ಪಾತು ಅಂತ ಗ್ರೂಪಿನ್ಯಾಗ ಒಬ್ಬರೂ ಹಾಕಲಿಲ್ಲ.
ಕೈ ಮುಗಿದ ಚಿತ್ರ ಬಂದುವು ಎಂಟೊಂಬತ್ತು,
ಅವು ಗಣಪತಿ ಹಬ್ಬದ್ದು.
ದ್ಯಾಮಣ್ಣ ಬ್ಯಾರೆ ವಾರ್ಡಿಗೆ ಹೋದ. ಹನಿ ನಿಂತಿತು.

ನಿನ್ನೆ ಶಿವಯೋಗಿ ತಂಗಿ ನೀಲಾಂಬಿಕಾ
ಕಾಲೇಜಿನ ಹಾಳಿ ಹಿಡಕೊಂಡು ಬಂದಳು.
"ಚಿಗವ್ವಾ, ಒಂದು ತಲೆಮಾರಿಗೆ ಇದು ದೊಡ್ಡ ಶೋಧ ಹೌದೊ ಅಲ್ಲೊ?
ಎರಡರಾಗ ಒಂದಕ್ಕ ಗುರುತು ಹಾಕು."
ನಮ್ಮ ಕಾಲಕ್ಕ ನಳನ ಶೋಧ, ಅಂದೆ.
ನಳ ಬಂದ ದಿನ ನಮ್ಮವ್ವ ಅದಕ್ಕ ಕುಂಕುಮ ಹಚ್ಚಿದಳು.
ಸೊಂಟ ಉಳೀತು. ಬಾವಿ ಕಟ್ಟಿ ಮ್ಯಾಲಿನ ಮಾತು ಉಳೀಲಿಲ್ಲ.
ಈಗ ಆ ಬಾವ್ಯಾಗ ಪ್ಲಾಸ್ಟಿಕ್ಕು.
ನಳ ಬ್ಯಾಡಿತ್ತು ಅಂತ ಅವ್ವ ಒಂದಿನಾನೂ ಅನಲಿಲ್ಲ,
ಆದರ ಆ ಬಾವಿ ಮುಂದ ಹಾಯೂವಾಗ
ಕೊಡ ಇಲ್ಲದ ಸೊಂಟಕ್ಕ ಅಕಿ ಕೈ ತಾನ ಹೋಗತಿತ್ತು.
ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿದಳು:
"ಹಂಗಾರ ಹೌದು ಅಂತ ಹಾಕಲೆ?"
ತಡಿ, ಅಂದೆ. ಹಾಳಿ ನನ್ನ ಹತ್ರನ ಉಳೀತು.

ರಾತ್ರಿ ಎರಡೂವರಿಗೆ ಪೈಪು ಕೆಮ್ಮಿತು.
ಹೊಸ ವಾಲ್ವಮನ್ ಯಾರಿಗೂ ಏನೂ ಕಳಸಂಗಿಲ್ಲ.
ಒದರೂಣಂದ್ರ ಫಕ್ಕೀರವ್ವನ ಗಂಟಲಿಲ್ಲ ನನಗ, ನಾಚಿಕಿ ಬ್ಯಾರೆ.
ಗ್ರೂಪಿಗೆ ಒತ್ತಿದೆ: ನಳ ಬಂದಾವ.
ಒಂದು ಬಾಗಲಾನೂ ಸಪ್ಪಳಾಗಲಿಲ್ಲ.
ಜೈತುನಬಿಗೆ ಅದು ಮುಟ್ಟೇ ಇರಲಿಲ್ಲ,
ರೀಚಾರ್ಜ್ ಮುಗದಿತ್ತೇನೊ.

ಬರಿಗಾಲಿಲೆ ಹೋದೆ. ಅಕಿ ಕಿಟಕಿ ಹೊರಗ,
ಇಷ್ಟು ವರ್ಷದ ಮ್ಯಾಲೂ,
ದಾರ ಜೋತಾಡತಿತ್ತು. ಹಳೇದಲ್ಲ,
ಗುಲಾಬಿ ಬಣ್ಣದ್ದು, ಹೊಸ ರೀಲಿಂದು.
ಎರಡು ಸಲ ಜಗ್ಗಿದೆ.

ಒಳಗಿಂದ ಅಕಿ ಒಂದು ಸಲ
ತಿರುಗಿ ಜಗ್ಗಿದಳು.